ಆರು ತಿಂಗಳ ಮಾತ್ರೆ, ಒಂದು ಕೊಠಡಿ: ಶಿವಮೊಗ್ಗದ ಧರ್ಮಕೇಂದ್ರವೊಂದರ ಪ್ರಕರಣ ಅಧ್ಯಯನ

ಕ್ಷಯರೋಗಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಉಚಿತ, ಔಷಧಿಯೂ ಉಚಿತ. ಔಷಧಿಗೆ ಬಗ್ಗುವ ಸಾಮಾನ್ಯ ಕ್ಷಯವಾದರೆ ಆರು ತಿಂಗಳು ತಪ್ಪದೆ ಮಾತ್ರೆ ನುಂಗಿದವರಲ್ಲಿ ಬಹುಪಾಲು ಜನ ಗುಣವಾಗುತ್ತಾರೆ. ಆ ಆರು ತಿಂಗಳನ್ನು ಎಲ್ಲಿ ಕಳೆಯಬೇಕು ಎಂಬ ಪ್ರಶ್ನೆ ಮನೆಯುಳ್ಳವರಿಗೆ ಹುಟ್ಟುವುದೇ ಇಲ್ಲ. ಶಿವಮೊಗ್ಗದ ಬಸ್ ನಿಲ್ದಾಣದ ಸುತ್ತಮುತ್ತ ಅಂಗಡಿ ಜಗಲಿಗಳಲ್ಲಿ ರಾತ್ರಿ ಕಳೆಯುತ್ತಿದ್ದ ಒಬ್ಬರಿಗೆ 2024ರ ಮಳೆಗಾಲದಲ್ಲಿ ಈ ಪ್ರಶ್ನೆ ಎದುರಾಯಿತು. ಆಗ ನಗರದ ಒಂದು ಕಥೋಲಿಕ ಧರ್ಮಕೇಂದ್ರ (ಒಂದು ಚರ್ಚು ಮತ್ತು ಅದಕ್ಕೆ ಸೇರಿದ ಕುಟುಂಬಗಳ ಸಮುದಾಯ) ಏನು ಮಾಡಿತು, ಎಲ್ಲಿ ತಡವರಿಸಿತು, ಅದರ ಹಿಂದಿನ ಓಣಿಯ ಜನ ಏನು ಮಾಡಿದರು ಎಂಬುದನ್ನು ಇಲ್ಲಿ ದಾಖಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರನ್ನೂ ಹಳ್ಳಿಯನ್ನೂ ಬಿಟ್ಟಿದ್ದೇನೆ. ಅವರನ್ನು ಕೊನೆಗಾರರು, ಅಂದರೆ ಅಡಿಕೆಯ ಕೊನೆ (ಗೊನೆ) ಇಳಿಸುವವರು, ಎಂದು ಕರೆಯುತ್ತೇನೆ, ಏಕೆಂದರೆ ಯಾರಾದರೂ ಪರಿಚಯ ಕೇಳಿದಾಗ ಅವರು ಮೊದಲು ಹೇಳುತ್ತಿದ್ದುದು ತಾವು ಅಡಿಕೆ ಮರ ಹತ್ತುತ್ತಿದ್ದವರೆಂಬುದನ್ನೇ.

ಅವರು ಹಾವೇರಿ ಜಿಲ್ಲೆಯವರು. ಬಯಲುಸೀಮೆಯಿಂದ ಮಲೆನಾಡಿಗೆ ಅಡಿಕೆ ಕೆಲಸಕ್ಕೆ ಬರುವ ಸಾವಿರಾರು ಕೂಲಿಕಾರರಂತೆ ಹುಡುಗರಾಗಿದ್ದಾಗಲೇ ತೀರ್ಥಹಳ್ಳಿ ಕಡೆಯ ತೋಟಗಳಿಗೆ ಬಂದವರು. ಮುಂಗಾರು ಹಿಡಿಯುವ ಹೊತ್ತಿಗೆ ಕೊಳೆರೋಗ ತಡೆಯಲು ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವುದು, ಅದಾಗಿ ಸುಮಾರು ನಲವತ್ತು ದಿನಕ್ಕೆ ಮತ್ತೊಂದು ಸುತ್ತು, ಅಕ್ಟೋಬರ್ ಕಳೆಯುವಷ್ಟರಲ್ಲಿ ಕೊನೆ ಕೊಯ್ಲು: ವರ್ಷವೆಲ್ಲ ಮರದ ಮೇಲೆಯೇ. ಒಮ್ಮೆ ಪಾಚಿಗಟ್ಟಿದ ಮರದಿಂದ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡರು. ಮತ್ತೆ ಹತ್ತಲಾಗಲಿಲ್ಲ. ಈ ಕೆಲಸದಲ್ಲಿ ಭವಿಷ್ಯನಿಧಿಯಿಲ್ಲ, ಪಿಂಚಣಿಯಿಲ್ಲ. ಮರ ಹತ್ತುವ ಶಕ್ತಿ ಇರುವವರೆಗೆ ಒಳ್ಳೆಯ ಕೂಲಿ, ಅದು ಹೋದ ದಿನ ಎಲ್ಲವೂ ಹೋದಂತೆ. ಊರಿನಲ್ಲಿ ಅಣ್ಣನ ಸಂಸಾರವಿತ್ತು, ಆದರೆ ದುಡಿಯದೆ ಹೋಗಿ ಕೂರಲು ಅವರಿಗೆ ಮನಸ್ಸಾಗಲಿಲ್ಲ. ಶಿವಮೊಗ್ಗದಲ್ಲಿ ಮೂಟೆ ಹೊರುವ ಕಡೆ ಕೆಲವು ಕಾಲ, ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತ ಕೆಲವು ಕಾಲ ಇದ್ದರು. ಕೆಮ್ಮು ಶುರುವಾದ ಮೇಲೆ ಹೋಟೆಲಿನವರೂ ಬೇಡವೆಂದರು.

ಧರ್ಮಕೇಂದ್ರದ ಬಗ್ಗೆ ಸ್ವಲ್ಪ ಹೇಳಬೇಕು. ಅದು ಸೇರಿರುವ, ಬಿಷಪ್ಪರ ಆಡಳಿತದ ಶಿವಮೊಗ್ಗ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 1988ರಲ್ಲಿ. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳು ಅದರ ವ್ಯಾಪ್ತಿಗೆ ಬರುತ್ತವೆ. ನಾನು ಹೇಳುತ್ತಿರುವ ಧರ್ಮಕೇಂದ್ರದಲ್ಲಿ ಕರಾವಳಿಯಿಂದ ಬಂದು ನೆಲೆಸಿದ ಕೊಂಕಣಿ ಕುಟುಂಬಗಳಿವೆ, ಕೂಲಿಗೆ ಬಂದು ಉಳಿದುಕೊಂಡ ತಮಿಳು ಕುಟುಂಬಗಳಿವೆ, ಕನ್ನಡದವರಿದ್ದಾರೆ. ಬಡವರ ನೆರವಿನ ಕೆಲಸ ಅಲ್ಲಿ ಸಂತ ವಿನ್ಸೆಂಟ್ ಡಿ ಪಾಲ್ ಸೊಸೈಟಿಯ ಸದಸ್ಯರ ಮೂಲಕ ನಡೆಯುತ್ತದೆ. 1833ರಲ್ಲಿ ಪ್ಯಾರಿಸ್ ನಗರದಲ್ಲಿ ಫ್ರೆಡರಿಕ್ ಓಝನಾಮ್ ಎಂಬ ವಿದ್ಯಾರ್ಥಿಯೂ ಆತನ ಗೆಳೆಯರೂ ಕಟ್ಟಿದ ಈ ಸೊಸೈಟಿಯ ಮುಖ್ಯ ಪದ್ಧತಿಯೆಂದರೆ ಮನೆಭೇಟಿ. ಸದಸ್ಯರು ಇಬ್ಬರಿಬ್ಬರಾಗಿ ಬಡವರ ಮನೆಗೆ ಹೋಗಿ, ಕೂತು, ಮಾತಾಡಿ, ಅಗತ್ಯ ತಿಳಿದುಕೊಂಡು ನೆರವಾಗಬೇಕು. ಸಭೆಯ ಕೊನೆಗೆ ಒಂದು ಚೀಲ ಸುತ್ತುತ್ತದೆ; ಯಾರು ಎಷ್ಟು ಹಾಕಿದರೆಂದು ಯಾರಿಗೂ ಕಾಣದಂತೆ ಅದರೊಳಗೆ ಹಣ ಬೀಳುತ್ತದೆ. ಜೂನ್ ತಿಂಗಳಲ್ಲಿ ಮಕ್ಕಳ ಶಾಲೆಯ ಖರ್ಚು, ವಿಧವೆಯರಿಗೆ ದಿನಸಿ, ಮಳೆಗೆ ಮೊದಲು ಹೆಂಚು ಬದಲಿಸಲು ಒಂದಿಷ್ಟು ಕೈನೆರವು, ಇವು ಅದರಿಂದ ನಡೆಯುತ್ತಿದ್ದವು. ಮನೆಯೇ ಇಲ್ಲದವರಿಗಾಗಿ ಭಾನುವಾರ ರಾತ್ರಿ ಊಟದ ಪೊಟ್ಟಣ ಹಂಚುವ ರೂಢಿ ಬೇರೆಯಾಗಿ ಇತ್ತು. ಅಲ್ಲಿ ಕೂತು ಮಾತಾಡುವ ಭಾಗ ಬಿಟ್ಟುಹೋಗಿತ್ತು. ಪೊಟ್ಟಣ ಕೊಟ್ಟು ಮುಂದಿನ ಜಗಲಿಗೆ ಹೋಗುತ್ತಿದ್ದರು.

ಜುಲೈ ತಿಂಗಳ ಒಂದು ಭಾನುವಾರ ಮಳೆ ಜೋರಾಗಿದ್ದರಿಂದ ಹಂಚುವವರು ಮುಂದೆ ಹೋಗಲಾಗದೆ ಒಂದು ಮುಚ್ಚಿದ ಅಂಗಡಿಯ ಜಗಲಿಯಲ್ಲಿ ನಿಂತರು. ಅಲ್ಲಿ ಪ್ಲಾಸ್ಟಿಕ್ ಚೀಲ ಹೊದ್ದು ಕೂತಿದ್ದ ಕೊನೆಗಾರರು ಪೊಟ್ಟಣ ಬೇಡವೆಂದರು. “ಅನ್ನ ಇಳಿಯೂದಿಲ್ರೀ, ಬಿಸಿನೀರು ಸಿಕ್ರ ಕೊಡ್ರಿ” ಎಂದರು. ಪೊಟ್ಟಣ ಹಂಚುತ್ತಿದ್ದ ಇಬ್ಬರಲ್ಲಿ ಒಬ್ಬರು ನಿವೃತ್ತ ದಾದಿ. ಕೆಮ್ಮು ಎಷ್ಟು ದಿನದಿಂದ, ಸಂಜೆ ಜ್ವರ ಬರುತ್ತದೆಯೇ, ರಾತ್ರಿ ಬೆವರುತ್ತದೆಯೇ, ಬಟ್ಟೆ ಸಡಿಲವಾಗಿದೆಯೇ ಎಂದು ಆಕೆ ಕೇಳುತ್ತ ಹೋದಂತೆ ಎಲ್ಲಕ್ಕೂ ಹೌದೆಂಬ ಉತ್ತರವೇ ಬಂತು. ಎರಡು ವಾರ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಬೇಕೆಂಬುದು ಎಲ್ಲ ಆರೋಗ್ಯ ಕೇಂದ್ರಗಳ ಗೋಡೆಯ ಮೇಲೂ ಬರೆದಿರುವ ಮಾತು. ಅವರ ಕೆಮ್ಮಿಗೆ ಎರಡು ತಿಂಗಳು ದಾಟಿತ್ತು. ಆಕೆ ಮರುದಿನ ತಾವೇ ಮೆಗ್ಗಾನ್ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕಫದಲ್ಲಿ ಕ್ಷಯದ ರೋಗಾಣು ಇತ್ತು. ಸಾಮಾನ್ಯ ಔಷಧಿಗೆ ಬಗ್ಗುವ ಬಗೆಯದೆಂಬುದೂ ಪರೀಕ್ಷೆಯಲ್ಲಿ ತಿಳಿಯಿತು. ತೂಕ 38 ಕಿಲೋ. ಔಷಧಿಯ ಪ್ರಮಾಣ ತೂಕದ ಮೇಲೆ ನಿಲ್ಲುತ್ತದೆ. 35ರಿಂದ 49 ಕಿಲೋ ತೂಗುವವರಿಗೆ ದಿನಕ್ಕೆ ಮೂರು ಮಾತ್ರೆ. ಮೊದಲ ಎರಡು ತಿಂಗಳು ನಾಲ್ಕು ಔಷಧಿಗಳು ಸೇರಿದ ಮಾತ್ರೆ, ಮುಂದಿನ ನಾಲ್ಕು ತಿಂಗಳು ಮೂರು ಔಷಧಿಗಳದು.

ರೋಗ ಗೊತ್ತಾಯಿತು, ಮಾತ್ರೆಯೂ ಕೈಗೆ ಬಂತು, ಆದರೆ ಅಂದು ರಾತ್ರಿ ಅವರು ಮಲಗುವುದೆಲ್ಲಿ ಎಂಬುದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ. ನಗರ ಪ್ರದೇಶದ ವಸತಿರಹಿತರಿಗಾಗಿ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಡಿ ರೂಪುಗೊಂಡ ಮಾರ್ಗಸೂಚಿಯ ಪ್ರಕಾರ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನರಿಗೆ ಕಾಯಂ ಆಶ್ರಯವಿರಬೇಕು, ತಲೆಗೆ 50 ಚದರ ಅಡಿ ಜಾಗ ಸಿಗಬೇಕು. 2011ರ ಜನಗಣತಿಯಲ್ಲಿ 3.22 ಲಕ್ಷ ಜನರಿದ್ದ ಶಿವಮೊಗ್ಗಕ್ಕೆ ಈ ಲೆಕ್ಕದಲ್ಲಿ ಮುನ್ನೂರು ಜನರಿಗಾದರೂ ಜಾಗ ಬೇಕು. ಲೆಕ್ಕ ಹಾಗಿರಲಿ. ಕಫದಲ್ಲಿ ರೋಗಾಣು ಇರುವ ರೋಗಿಯನ್ನು ಚಿಕಿತ್ಸೆಯ ಮೊದಲ ವಾರಗಳಲ್ಲಿ ಹತ್ತಾರು ಜನ ಒಟ್ಟಿಗೆ ಮಲಗುವ ಹಜಾರಕ್ಕೆ ಕಳಿಸುವುದು ಸರಿಯಲ್ಲ. ಮಳೆಗಾಲದಲ್ಲಿ ಈ ತೊಡಕು ಇನ್ನೂ ಬಿಗಿಯಾಗುತ್ತದೆ. ಬೇಸಿಗೆಯಲ್ಲಿ ದೂರ ದೂರ ಮಲಗುವ ಜನ ಮಳೆ ಹಿಡಿದಾಗ ಎರಚಲು ಬಾರದ ಕೆಲವೇ ಮೂಲೆಗಳಲ್ಲಿ ಮೈಗೆ ಮೈ ತಾಗಿಸಿ ಮಲಗುತ್ತಾರೆ. ಕೊನೆಗಾರರ ಆರೋಗ್ಯದಷ್ಟೇ ಆ ಜಗಲಿಯ ಉಳಿದವರ ಆರೋಗ್ಯವೂ ಇಲ್ಲಿ ಪಣಕ್ಕಿತ್ತು. ಅವರನ್ನೆಲ್ಲ ಕಫ ಪರೀಕ್ಷೆಗೆ ಕರೆತರುವ ಪ್ರಯತ್ನ ನಡೆಯಿತು. ಕೆಲವರು ಬಂದರು, ಕೆಲವರು ಜಾಗವನ್ನೇ ಬದಲಿಸಿಬಿಟ್ಟರು.

ಧರ್ಮಕೇಂದ್ರದ ಸಭಾಭವನದ ಹಿಂದೆ, ಹಳೆಯ ಬೆಂಚು, ಹಬ್ಬದ ಪೆಂಡಾಲಿನ ಗಳುಗಳನ್ನು ತುಂಬಿದ್ದ ಒಂದು ಕೊಠಡಿಯಿತ್ತು. ಎದುರುಬದುರು ಎರಡು ಕಿಟಕಿ, ಹೊರಗೆ ನಲ್ಲಿ, ಹಿಂದಿನ ಓಣಿಗೆ ತೆರೆಯುವ ಬಾಗಿಲು. ಅದನ್ನು ಕೊಡಬಹುದೇ ಎಂಬ ಚರ್ಚೆ ಪಾಲನಾ ಸಮಿತಿಯಲ್ಲಿ ಎರಡು ಸಭೆಗಳಷ್ಟು ನಡೆಯಿತು. ವಿರೋಧಿಸಿದವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಭಾನುವಾರ ಅದೇ ಭವನದಲ್ಲಿ ಮಕ್ಕಳಿಗೆ ಧರ್ಮೋಪದೇಶದ ತರಗತಿ ನಡೆಯುತ್ತದೆ, ಸೋಂಕು ತಗುಲಿದರೆ ಯಾರು ಹೊಣೆ ಎಂದು ತಾಯಂದಿರು ಕೇಳಿದರು. ಇನ್ನೊಂದು ಆತಂಕ ಹೊರಗಿನದು. 2022ರಲ್ಲಿ ರಾಜ್ಯದಲ್ಲಿ ಬಂದ, ಮತಾಂತರ ನಿಷೇಧ ಕಾಯ್ದೆ ಎಂದೇ ಜನ ಕರೆಯುವ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಆಮಿಷದ ವ್ಯಾಖ್ಯೆಯೊಳಗೆ ಉಡುಗೊರೆ, ಹಣ, ಉಚಿತ ಶಿಕ್ಷಣದಂಥವನ್ನೂ ಸೇರಿಸಿತ್ತು. ಅಂದಿನಿಂದ ಚರ್ಚಿನ ಆವರಣದಲ್ಲಿ ಅನ್ಯಧರ್ಮೀಯರಿಗೆ ಏನೇ ಕೊಡುವಾಗಲೂ ಕೊಡುವವರ ಮನಸ್ಸಿನಲ್ಲಿ ಒಂದು ಅಳುಕು ಇರುತ್ತದೆ. ಅಸಹಾಯಕನೊಬ್ಬನನ್ನು ಒಳಗೆ ಇಟ್ಟುಕೊಂಡರೆ ನಾಳೆ ಯಾರಾದರೂ ಬಾಗಿಲಲ್ಲಿ ನಿಂತು ಪ್ರಶ್ನೆ ಮಾಡಿದರೆ ಏನು ಹೇಳುವುದು ಎಂದು ಹಿರಿಯರೊಬ್ಬರು ಕೇಳಿದರು.

ಮೊದಲನೆಯ ಆತಂಕಕ್ಕೆ ನಿವೃತ್ತ ದಾದಿ ಉತ್ತರಿಸಿದರು. ಕ್ಷಯ ಹರಡುವುದು ರೋಗಿ ಕೆಮ್ಮಿದ ಗಾಳಿಯಿಂದ, ಅದರಲ್ಲೂ ಗಾಳಿಯಾಡದ ಜಾಗದಲ್ಲಿ ಹೆಚ್ಚು ಹೊತ್ತು ಒಟ್ಟಿಗಿದ್ದವರಿಗೆ. ತಟ್ಟೆ ಲೋಟದಿಂದ, ಮುಟ್ಟಿದ್ದರಿಂದ ಹರಡುವುದಿಲ್ಲ. ಸರಿಯಾದ ಔಷಧಿ ಶುರುವಾಗಿ ಎರಡು ವಾರವಾಗುವಷ್ಟರಲ್ಲಿ ಹರಡುವ ಶಕ್ತಿ ಬಹಳ ಕುಗ್ಗುತ್ತದೆ. ಆ ಎರಡು ವಾರ ತರಗತಿಯನ್ನು ಚರ್ಚಿನೊಳಗೇ ನಡೆಸುವುದೆಂದು ಒಪ್ಪಿಗೆಯಾಯಿತು. ಎರಡನೆಯ ಆತಂಕಕ್ಕೆ ಧರ್ಮಗುರುಗಳು ಕೆಲವು ನಿಯಮ ಬರೆಸಿದರು. ನೆರವು ಕೊಡುವಾಗ ಪ್ರಾರ್ಥನೆಗೆ ಕರೆಯಬಾರದು, ಪುಸ್ತಕ, ಚಿತ್ರಪಟ ಕೊಡಬಾರದು, ಫೋಟೊ ತೆಗೆಯಲೇಬಾರದು. ಇವುಗಳಲ್ಲಿ ಫೋಟೊದ ನಿಯಮ ಕಾಯ್ದೆಗಾಗಿ ಬೇಕಿರಲಿಲ್ಲ, ಮರ್ಯಾದೆಗಾಗಿ ಬೇಕಿತ್ತು. ಪೊಟ್ಟಣ ಹಿಡಿದು ನಿಂತವರ ಮುಖವನ್ನು ಮೊಬೈಲಿನಲ್ಲಿ ಊರಿಗೆಲ್ಲ ಕಳಿಸುವ ಚಟ ಎಲ್ಲ ಧರ್ಮದ ಸೇವಾಕಾರ್ಯಗಳಿಗೂ ಅಂಟಿಕೊಂಡಿದೆ, ಹಸಿದವರು ಆ ಕಾರಣಕ್ಕೇ ಮರೆಗೆ ಸರಿಯುವುದನ್ನು ನಾನು ಕಂಡಿದ್ದೇನೆ. ಇದನ್ನು ಎಲ್ಲರೂ ನಿಲ್ಲಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಕೊಠಡಿಗೆ ಬಂದ ವಾರದೊಳಗೆ ಕೊನೆಗಾರರು ಗೋಡೆಯ ಮೊಳೆಗೆ ಉಕ್ಕಡಗಾತ್ರಿ ಕರಿಬಸವೇಶ್ವರ ಅಜ್ಜಯ್ಯನ ಚಿತ್ರವೊಂದನ್ನು ತೂಗುಹಾಕಿದರು. ಸೊಂಟಕ್ಕೆ ಪೆಟ್ಟಾದಾಗ ಅಲ್ಲಿಗೆ ಹರಕೆ ಹೊತ್ತಿದ್ದರಂತೆ, ತೀರಿಸುವುದು ಬಾಕಿಯಿತ್ತು. ಚರ್ಚಿನ ಆವರಣದಲ್ಲಿ ಇದು ಸರಿಯೇ ಎಂದು ಒಬ್ಬರು ಧರ್ಮಗುರುಗಳ ಬಳಿ ಹೋದರು. ಆ ಗೋಡೆ ಆರು ತಿಂಗಳು ಅವರದು, ಅದರ ಮೇಲೆ ಏನಿರಬೇಕೆಂಬುದನ್ನು ಅವರೇ ನಿರ್ಧರಿಸಲಿ ಎಂದು ಗುರುಗಳು ಹೇಳಿ ಕಳಿಸಿದರು. ಈ ಪ್ರಕರಣದಲ್ಲಿ ಧರ್ಮಕೇಂದ್ರ ತೆಗೆದುಕೊಂಡ ನಿರ್ಧಾರಗಳಲ್ಲಿ ಇದನ್ನೇ ನಾನು ಅತ್ಯಂತ ಮುಖ್ಯವೆಂದು ಎಣಿಸುತ್ತೇನೆ. ಓಣಿಯ ಜನ ಆ ಚಿತ್ರವನ್ನು ಕಿಟಕಿಯಿಂದ ನೋಡಿದ ಮೇಲೆಯೇ ಕೊಠಡಿಯ ಒಳಗೆ ಬರಲಾರಂಭಿಸಿದರು.

ಹಾಗೆ ಮೊದಲು ಬಂದವರು ಓಣಿಯಲ್ಲಿ ಬಾಡಿಗೆಗಿರುವ, ಬೆಳಿಗ್ಗೆ ತಳ್ಳುಗಾಡಿಯಲ್ಲಿ ಇಡ್ಲಿ ಮಾರುವ ಒಬ್ಬ ಹೆಣ್ಣುಮಗಳು. ಅವರು ಚರ್ಚಿಗೆ ಸೇರಿದವರಲ್ಲ. ಗಂಡ ಭದ್ರಾವತಿಯ ಕಾಗದ ಕಾರ್ಖಾನೆಯನ್ನು ನೆಚ್ಚಿಕೊಂಡು ಗುತ್ತಿಗೆ ಕೆಲಸ ಮಾಡುತ್ತಿದ್ದವರು. ಕಾರ್ಖಾನೆಯ ಚಕ್ರ ನಿಂತ ಮೇಲೆ ಸಂಸಾರ ಇಲ್ಲಿಗೆ ಬಂದಿತ್ತು. ಮಗಳ ಶಾಲೆಯ ಖರ್ಚಿಗೆ ಅದೇ ಸೊಸೈಟಿಯಿಂದ ನೆರವು ಪಡೆಯುತ್ತಿದ್ದರು, ಅಂದರೆ ಪುಸ್ತಕದ ಲೆಕ್ಕದಲ್ಲಿ ಅವರೂ ಫಲಾನುಭವಿಯೇ. ಸದಸ್ಯರು ಕೊನೆಗಾರರಿಗೆ ಮಧ್ಯಾಹ್ನದ ಊಟವನ್ನು ಸರದಿಯ ಮೇಲೆ ತರುತ್ತಿದ್ದರು. ಆದರೆ ಮಾತ್ರೆ ನುಂಗಬೇಕಾದದ್ದು ಬೆಳಿಗ್ಗೆ, ಆ ಹೊತ್ತಿಗೆ ಸದಸ್ಯರೆಲ್ಲ ತಂತಮ್ಮ ಕೆಲಸಗಳಿಗೆ ಹೊರಡುವ ಅವಸರದಲ್ಲಿರುತ್ತಿದ್ದರು. ಇಡ್ಲಿಯವರು ನಾಲ್ಕೂವರೆಗೇ ಎದ್ದಿರುತ್ತಿದ್ದರು. ಗಾಡಿ ತಳ್ಳುವ ಮೊದಲು ಕೊಠಡಿಯ ಬಾಗಿಲು ತಟ್ಟಿ, ಮೂರು ಮಾತ್ರೆ ನುಂಗಿದ್ದನ್ನು ಕಣ್ಣಾರೆ ನೋಡಿ, ಆಮೇಲೆ ಕುಡಿಯಲೆಂದು ಗಂಜಿಯ ಡಬ್ಬಿ ಇಟ್ಟು ಹೋಗುತ್ತಿದ್ದರು.

ಮೊದಲ ವಾರದಲ್ಲಿ ಕೊನೆಗಾರರು ಮೂತ್ರ ಕೆಂಪಾದದ್ದು ಕಂಡು ರಕ್ತವೇ ಹೋಗುತ್ತಿದೆಯೆಂದು ಹೆದರಿ ಮಾತ್ರೆ ನಿಲ್ಲಿಸಲು ಹೊರಟಿದ್ದರು. ರಿಫಾಂಪಿಸಿನ್ ಎಂಬ ಔಷಧಿಯಿಂದ ಮೂತ್ರ, ಬೆವರು, ಕಣ್ಣೀರು ಸಹ ಕಿತ್ತಳೆಗೆಂಪಾಗುವುದು ಸಹಜ, ಅದು ಔಷಧಿ ಮೈಗೆ ಸೇರುತ್ತಿರುವುದರ ಗುರುತು. ಆಸ್ಪತ್ರೆಯಲ್ಲಿ ಈ ಮಾತನ್ನು ಹೇಳಿದ್ದರೂ ಆ ಗದ್ದಲದಲ್ಲಿ ಅವರ ಕಿವಿಗೆ ಬಿದ್ದಿರಲಿಲ್ಲ. ಇಡ್ಲಿಯವರು ತಮಗೆ ತಿಳಿಯದೆಂದು ಸುಮ್ಮನಾಗದೆ ಗಾಡಿಯನ್ನು ಅಲ್ಲೇ ಬಿಟ್ಟು ದಾದಿಯ ಮನೆಗೆ ನಡೆದರು. ಆ ಬೆಳಿಗ್ಗೆ ವ್ಯಾಪಾರ ಹೋಯಿತು, ಚಿಕಿತ್ಸೆ ಉಳಿಯಿತು. ಕ್ಷಯ ನಿರ್ಮೂಲನಾ ಕಾರ್ಯಕ್ರಮದಲ್ಲಿ ರೋಗಿಗೆ ಹೀಗೆ ಒತ್ತಾಸೆಯಾಗಿ ನಿಂತು ಚಿಕಿತ್ಸೆ ಮುಗಿಸಿದವರಿಗೆ 1,000 ರೂಪಾಯಿ ಗೌರವಧನವಿದೆ. ದಾದಿ ಮುತುವರ್ಜಿ ವಹಿಸಿ ಅವರ ಹೆಸರನ್ನು ಚಿಕಿತ್ಸಾ ಬೆಂಬಲಿಗರೆಂದು ನೋಂದಾಯಿಸಿದರು. ಸೊಸೈಟಿಯ ಕೆಲವರಿಗೆ ಇದು ವಿಚಿತ್ರವಾಗಿ ಕಂಡಿತು, ನೆರವು ಪಡೆಯುವವರ ಪಟ್ಟಿಯಲ್ಲಿರುವವರು ಕೆಲಸ ಮಾಡುವವರ ಪಟ್ಟಿಗೆ ಬಂದದ್ದಕ್ಕೆ. ನನಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಬೆಳಗಿನ ಐದು ಗಂಟೆಗೆ ಎಚ್ಚರವಿರುವವರು, ಓಣಿಯಲ್ಲೇ ಇರುವವರು, ಹಸಿವನ್ನು ಬಲ್ಲವರು ಅವರೇ.

ಕಾಗದಪತ್ರಗಳ ಭಾಗ ಬೇಸರದ್ದು, ಆದರೂ ಬಿಡುವಂತಿಲ್ಲ. ಕ್ಷಯರೋಗಿಗೆ ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ ಪೋಷಣ್ ಯೋಜನೆಯಡಿ 2018ರಿಂದ ತಿಂಗಳಿಗೆ 500 ರೂಪಾಯಿ ಸಲ್ಲುತ್ತಿತ್ತು, 2024ರ ನವೆಂಬರ್‌ನಿಂದ ಅದು 1,000 ಆಯಿತು. ಹಣ ಬರುವುದು ಬ್ಯಾಂಕ್ ಖಾತೆಗೆ, ಖಾತೆಗೆ ಆಧಾರ್ ಬೇಕು. ಕೊನೆಗಾರರ ಆಧಾರ್ ಚೀಟಿ ಚೀಲದ ಸಮೇತ ಕಳುವಾಗಿತ್ತು, ಸಂಖ್ಯೆ ನೆನಪಿರಲಿಲ್ಲ, ಜೋಡಿಸಿದ್ದ ಮೊಬೈಲ್ ಸಂಖ್ಯೆ ಯಾರದೋ ಆಗಿತ್ತು. ವರ್ಷಗಟ್ಟಲೆ ಮರ ತಬ್ಬಿದ ಬೆರಳುಗಳ ರೇಖೆ ಯಂತ್ರಕ್ಕೆ ಹತ್ತಲಿಲ್ಲ. ಕಣ್ಣಿನ ಪಾಪೆಯ ಗುರುತಿನಿಂದ ಕೊನೆಗೆ ಸಂಖ್ಯೆ ಸಿಕ್ಕಿತು. ಹೊಸದಾಗಿ ಆಧಾರ್ ಮಾಡಿಸುವುದಾದರೆ ವಿಳಾಸವಿಲ್ಲದವರಿಗೆ ಪಾಲಿಕೆ ಸದಸ್ಯರು, ಶಾಸಕರು, ತಹಶೀಲ್ದಾರರು ಅಥವಾ ಮಾನ್ಯತೆ ಪಡೆದ ಆಶ್ರಯಧಾಮದ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ ಕೊಡಬಹುದು, ಅದು ಮೂರು ತಿಂಗಳು ಊರ್ಜಿತವಾಗಿರುತ್ತದೆ. ಇವರಿಗೆ ಅದು ಬೇಕಾಗಲಿಲ್ಲ. ಆದರೆ ವಿಳಾಸವನ್ನು ಶಿವಮೊಗ್ಗಕ್ಕೆ ಬದಲಿಸೋಣವೆಂದು ಸದಸ್ಯರು ಉತ್ಸಾಹದಿಂದ ಹೇಳಿದಾಗ ಅವರು ಒಪ್ಪಲಿಲ್ಲ. ಅವರ ಹೆಸರು ಅಣ್ಣನ ಮನೆಯ ಪಡಿತರ ಚೀಟಿಯಲ್ಲಿದೆ. ಇಲ್ಲಿಗೆ ಬದಲಿಸಿದರೆ ಅಲ್ಲಿ ಒಂದು ತಲೆಯ ಅಕ್ಕಿ ಕಡಿಮೆಯಾದೀತೆಂಬ ಭಯ. ದುಡಿಮೆ ನಿಂತ ಮೇಲೆ ಆ ಮನೆಗೆ ತಮ್ಮಿಂದ ಸಲ್ಲುತ್ತಿರುವುದು ಅದೊಂದೇ ಎಂದು ಅವರು ಹೇಳಿದರು. ಸದಸ್ಯರು ಒತ್ತಾಯಿಸಲಿಲ್ಲ, ಅದು ಸರಿಯಾದ ನಡೆ. ಖಾತೆ ಹಳ್ಳಿಯ ವಿಳಾಸದಲ್ಲೇ ತೆರೆಯಿತು, ಪತ್ರವ್ಯವಹಾರಕ್ಕೆ ಮಾತ್ರ ಧರ್ಮಕೇಂದ್ರದ ವಿಳಾಸ ಕೊಡಲಾಯಿತು. ಹಣ ಬರುವುದು ಬಹಳ ತಡವಾಯಿತು, ಅಷ್ಟರಲ್ಲಿ ಚಿಕಿತ್ಸೆ ಅರ್ಧ ದಾಟಿತ್ತು. ಹಾಲು, ಮೊಟ್ಟೆ, ಕಾಳುಗಳ ಖರ್ಚನ್ನು ಅದುವರೆಗೆ ಸಭೆಯ ಆ ಚೀಲವೇ ನಡೆಸಿತು.

ಸಂಧ್ಯಾ ಸುರಕ್ಷಾ ಯೋಜನೆಯ ಮಾಸಿಕ 1,200 ರೂಪಾಯಿ ಅವರಿಗೆ ಸಿಗಲಿಲ್ಲ. ಅದಕ್ಕೆ 65 ವರ್ಷ ತುಂಬಿರಬೇಕು, ಆಧಾರ್‌ನಲ್ಲಿ ಅಂದಾಜಿನಿಂದ ಜನವರಿ 1 ಎಂದು ಬರೆಸಿದ ಹುಟ್ಟಿದ ದಿನ ಅವರನ್ನು ಇನ್ನೂ ಅರವತ್ತರ ಒಳಗೇ ಇಟ್ಟಿದೆ. ಇಲ್ಲಿ ಒಂದು ಮಾತು ಹೇಳಬೇಕೆನಿಸುತ್ತದೆ. ಮತದಾರರ ಪಟ್ಟಿಗೆ ಸೇರಲು ಮನೆಯಿಲ್ಲದವರು ಅರ್ಜಿ ಹಾಕಿದರೆ ವಿಳಾಸದ ದಾಖಲೆ ಕೇಳುವಂತಿಲ್ಲ. ಮತಗಟ್ಟೆ ಅಧಿಕಾರಿ ರಾತ್ರಿ ಹೊತ್ತು ಅವರು ಹೇಳಿದ ಜಾಗಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಹೋಗಿ, ಅಲ್ಲೇ ಮಲಗುತ್ತಾರೆಯೇ ಎಂದು ನೋಡಬೇಕು. ಮತ ಹಾಕುವ ಹಕ್ಕಿಗೆ ಜಗಲಿಯನ್ನೇ ವಾಸಸ್ಥಳವೆಂದು ಒಪ್ಪುವ ಈ ವಿವೇಕ ಅಕ್ಕಿಗೂ ಪಿಂಚಣಿಗೂ ವಿಸ್ತರಿಸಿದರೆ ಎಷ್ಟೋ ಜನರ ಅಲೆದಾಟ ತಪ್ಪುತ್ತದೆ.

ಕಠಿಣ ಪರೀಕ್ಷೆ ಬಂದದ್ದು ಅಕ್ಟೋಬರ್‌ನಲ್ಲಿ. ಎರಡು ತಿಂಗಳ ಮೊದಲ ಹಂತ ಮುಗಿದಿತ್ತು, ಕೆಮ್ಮು ನಿಂತಿತ್ತು, ಮೈ ತುಂಬಿಕೊಳ್ಳುತ್ತಿತ್ತು. ಕೊನೆ ಕೊಯ್ಲು ಶುರುವಾದ ಸುದ್ದಿ ಬಸ್ ನಿಲ್ದಾಣಕ್ಕೆ ತಲುಪಿದ್ದೇ ತಡ, ತೋಟಕ್ಕೆ ಹೋಗುತ್ತೇನೆಂದರು. ಕ್ಷಯದ ಚಿಕಿತ್ಸೆಯನ್ನು ಅನೇಕರು ಅರ್ಧದಲ್ಲಿ ಕೈಬಿಡುವುದು ಈ ಘಟ್ಟದಲ್ಲೇ; ಹಾಗೆ ಬಿಟ್ಟರೆ ರೋಗ ಮರುಕಳಿಸಬಹುದು, ಔಷಧಿಗೆ ಬಗ್ಗದ ಬಗೆಗೂ ತಿರುಗಬಹುದು. ಸದಸ್ಯರಲ್ಲಿ ಎರಡು ಪಂಗಡವಾಯಿತು. ಇಷ್ಟೆಲ್ಲ ಮಾಡಿದ ಮೇಲೆ ಹೋಗಲು ಬಿಡಬಾರದು, ಹೋದರೆ ಕೊಠಡಿ ಮತ್ತೆ ಸಿಗದೆಂದು ಹೇಳಬೇಕು ಎಂಬುದು ಒಂದು ವಾದ. ಅವರು ಕೈದಿಯಲ್ಲ, ದುಡಿದು ತಿಂದವರಿಗೆ ಮೂರು ತಿಂಗಳು ಕೂತು ಉಣ್ಣುವುದೇ ಕಾಯಿಲೆಯಾಗಿದೆ ಎಂಬುದು ಇನ್ನೊಂದು. ಬೆದರಿಸಿ ಉಳಿಸಿಕೊಂಡರೆ ಒಂದು ರಾತ್ರಿ ಹೇಳದೆ ಹೊರಟುಬಿಡುತ್ತಾರೆ, ಆಗ ಮಾತ್ರೆಯೂ ಇರುವುದಿಲ್ಲ, ವಿಳಾಸವೂ ಇರುವುದಿಲ್ಲ ಎಂದು ಇಡ್ಲಿಯವರು ಹೇಳಿದ ಮಾತು ಕೊನೆಗೆ ನಿಂತಿತು.

ಯಾವ ಕೆಲಸ ಮಾಡಬಹುದೆಂಬುದನ್ನು ಆರೋಗ್ಯ ಕಾರ್ಯಕರ್ತರೊಡನೆ ಕೂತು ತೀರ್ಮಾನಿಸಿದರು. ಅಡಿಕೆ ಬೇಯಿಸುವ ಒಲೆಯ ಮುಂದೆ ಕೂರುತ್ತೇನೆಂದು ಅವರು ಹೇಳಿದ್ದನ್ನು ಹೊಗೆಯ ಕಾರಣಕ್ಕೆ ಬೇಡವೆಂದರು. ಅಂಗಳದಲ್ಲೂ ಅಟ್ಟದಲ್ಲೂ ಒಣಗುವ ಅಡಿಕೆಗೆ ಕಳ್ಳರ ಕಾಟವಿರುವುದರಿಂದ ರಾತ್ರಿ ಕಾವಲಿಗೆ ಜನ ಬೇಕಾಗುತ್ತಾರೆ. ಹಳೆಯ ಪರಿಚಯದ ತೋಟದ ಮನೆಯವರು ಆ ಕೆಲಸ ಕೊಡಲು ಒಪ್ಪಿದರು. ಒಂದು ತಿಂಗಳ ಮಾತ್ರೆ ಕಟ್ಟಿಕೊಟ್ಟು, ಆ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಲಾಯಿತು. ತೋಟದ ಮನೆಯ ಫೋನಿಗೆ ದಿನ ಬಿಟ್ಟು ದಿನ ಕರೆ ಮಾಡುವ ಹೊಣೆಯನ್ನು ಇಡ್ಲಿಯವರ ಮಗಳು ತಾನಾಗಿ ಹೊತ್ತಳು. ದೀಪಾವಳಿಯ ಆಸುಪಾಸಿನಲ್ಲಿ ಕೆಲವು ದಿನ ಮಾತ್ರೆ ತಪ್ಪಿತು. ಗೆಳೆಯರೊಡನೆ ಕುಡಿದಿದ್ದರು, ಮಾತ್ರೆಯೊಡನೆ ಮದ್ಯ ಸೇರಿದರೆ ಯಕೃತ್ತಿಗೆ ಅಪಾಯವೆಂದು ಹೆದರಿ ಮಾತ್ರೆಯನ್ನೇ ಬಿಟ್ಟಿದ್ದರು. ಹುಡುಗಿ ಕರೆ ಮಾಡಿದ್ದರಿಂದಲೇ ಅದು ಗೊತ್ತಾಯಿತು. ಬೈಯಲು ಯಾರೂ ಹೋಗಲಿಲ್ಲ; ದಾದಿ ಹೋಗಿ ಒಂದು ದಿನ ಅಲ್ಲಿದ್ದು ಬಂದರು. ತಪ್ಪಿದ ದಿನಗಳನ್ನು ಕೊನೆಗೆ ಸೇರಿಸಿ ಚಿಕಿತ್ಸೆ ಮುಗಿಸಲಾಯಿತು. ಅಂತಿಮ ಕಫ ಪರೀಕ್ಷೆಯಲ್ಲಿ ರೋಗಾಣು ಕಾಣಲಿಲ್ಲ.

ಕಾಯಿಲೆ ವಾಸಿಯಾಗಿದೆ, ಮನೆಯ ಪ್ರಶ್ನೆ ಪೂರ್ತಿ ತೀರಿಲ್ಲ. ಸುಗ್ಗಿಯಲ್ಲಿ ತೋಟದ ಕಾವಲು, ಉಳಿದ ದಿನ ಶಿವಮೊಗ್ಗದಲ್ಲಿ ಇನ್ನೊಬ್ಬ ಕೂಲಿಕಾರನ ಜೊತೆ ಪಾಲಿನ ಬಾಡಿಗೆ ಕೊಠಡಿ. ಅದರ ಅಡ್ವಾನ್ಸನ್ನು ಸೊಸೈಟಿ ಸಾಲವಾಗಿ ಕೊಟ್ಟಿತು. ದಾನವಾಗಿ ಬೇಡವೆಂದದ್ದು ಅವರೇ, ಅಷ್ಟಷ್ಟಾಗಿ ತೀರಿಸುತ್ತಿದ್ದಾರೆ. ಇಡ್ಲಿಯವರಿಗೆ ಸಲ್ಲಬೇಕಾದ ಗೌರವಧನಕ್ಕೆ ಸಂಬಂಧಪಟ್ಟ ಕಚೇರಿಗೆ ಹಲವು ಸಲ ಅಲೆಯಬೇಕಾಯಿತು.

ಧರ್ಮಕೇಂದ್ರದ ಕೆಲಸದ ಕ್ರಮದಲ್ಲಿ ಕೆಲವು ಬದಲಾವಣೆಗಳಾದವು. ಭಾನುವಾರದ ಪೊಟ್ಟಣ ನಿಂತಿಲ್ಲ, ಆದರೆ ಸಂಖ್ಯೆ ಕಡಿಮೆ ಮಾಡಿ, ಪ್ರತಿ ಜಗಲಿಯಲ್ಲೂ ಕೂತು ಮಾತಾಡುವಷ್ಟು ಹೊತ್ತು ಇರಬೇಕೆಂದು ನಿರ್ಧರಿಸಿದರು. ಮಿಕ್ಕ ಹಣದಿಂದ ಬಾಡಿಗೆ ಅಡ್ವಾನ್ಸಿಗೆಂದೇ ಸಣ್ಣ ನಿಧಿ ಮಾಡಿದರು. ಊಟದ ಮಟ್ಟಿಗೆ ಪೊಟ್ಟಣವೊಂದೇ ದಾರಿಯಲ್ಲ. ಹತ್ತು ರೂಪಾಯಿಗೆ ಊಟ ಕೊಡುವ ಇಂದಿರಾ ಕ್ಯಾಂಟೀನಿನಂಥ ವ್ಯವಸ್ಥೆಯಿದೆ. ಆದರೆ ರೋಗಿಯ ಜೊತೆ ಸರದಿಯಲ್ಲಿ ನಿಲ್ಲುವ, ಬೆಳಗಿನ ಜಾವ ಬಾಗಿಲು ತಟ್ಟುವ ಕೆಲಸಕ್ಕೆ ಅಂಥ ವ್ಯವಸ್ಥೆ ಯಾವುದೂ ಇಲ್ಲ. ಕೈಯಲ್ಲಿ ಜನರೂ ಒಂದು ಖಾಲಿ ಕೊಠಡಿಯೂ ಇರುವ ಯಾವುದೇ ಧರ್ಮದ ಸಂಸ್ಥೆ ಈ ಕೆಲಸವನ್ನು ಮಾಡಬಲ್ಲದು. ಹಿಂದಿನ ಕೊಠಡಿಯಲ್ಲಿ ಈಗ ಬೆಂಚು, ಗಳುಗಳಿಲ್ಲ. ಅದನ್ನು ಕ್ಷಯದ ರೋಗಿಗಳಿಗಷ್ಟೇ ಮೀಸಲಿಡಬೇಕೇ ಅಥವಾ ಆಸ್ಪತ್ರೆಯಿಂದ ಬಿಡುಗಡೆಯಾಗಿ ಹೋಗಲು ಜಾಗವಿಲ್ಲದ ಯಾರಿಗಾದರೂ ಕೊಡಬೇಕೇ ಎಂಬುದು ಪಾಲನಾ ಸಮಿತಿಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಆ ಚರ್ಚೆಗೆ ಇಡ್ಲಿಯವರನ್ನೂ ಕರೆಯಬೇಕೆಂದು ದಾದಿ ಬರಹದಲ್ಲಿ ಕೇಳಿದ್ದಾರೆ, ಸಮಿತಿ ಒಪ್ಪಿದೆ.